ಅಂಚೆಚೀಟಿಯ ಬೆನ್ನ ಮೇಲಣ ಬಿಂಬ

ಅಂಚೆಚೀಟಿಗಳನ್ನು ಸಂಗ್ರಹಿಸುವವರಿಗೆ ಒಮ್ಮೊಮ್ಮೆ ವಿಚಿತ್ರವಾದ ಚೀಟಿಯೊಂದು ದೊರೆಯುವುದುಂಟು. ಮುಂಭಾಗದಲ್ಲಿ ಯಾವ ದೋಷವೂ ಇರುವುದಿಲ್ಲ. ಮಗುಚಿ ನೋಡಿದರೆ ಅಂಟಿನ ಬದಿಯಲ್ಲಿಯೂ ಅದೇ ಚಿತ್ರ ಕಾಣುತ್ತದೆ. ಇದು ಎರಡು ಬದಿಯಲ್ಲಿಯೂ ಅಚ್ಚಾದ ಅಪೂರ್ವ ಚೀಟಿಯೆಂದು ಹೇಳಿ ಹೆಚ್ಚು ಬೆಲೆ ಕೇಳುವವರೂ ಇದ್ದಾರೆ. ಆ ಮಾತನ್ನು ನಂಬಬಹುದೇ? ಇದಕ್ಕೆ ಚೀಟಿಯೇ ಉತ್ತರ ಹೇಳಬಲ್ಲದು.

ಮೊದಲು ಅಕ್ಷರಗಳನ್ನು ನೋಡೋಣ. ನೇರ ಮುದ್ರಣದಲ್ಲಿ ಫಲಕದ ಮೇಲಣ ಅಕ್ಷರಗಳು ಎಡಬಲ ತಿರುಗಿರುತ್ತವೆ. ಕಾಗದದ ಮೇಲೆ ಸರಿಯಾಗುತ್ತವೆ. ಆ ಹಸಿ ಮಸಿ ಇನ್ನೊಂದು ಮೈಗೆ ತಗುಲಿದರೆ ಅವು ಮತ್ತೆ ತಿರುಗುತ್ತವೆ. ಮಸಿ ಹೀರುವ ಕಾಗದವನ್ನು ಹಸಿ ಬರಹದ ಮೇಲೆ ಒತ್ತಿದಾಗ ಆಗುವುದೂ ಇದೇ. ಬೆನ್ನ ಮೇಲಣ ಅಕ್ಷರಗಳು ಕನ್ನಡಿಯಲ್ಲಿ ಮಾತ್ರ ಸರಿಯಾಗಿ ಕಂಡರೆ, ಅದು ಎರಡನೆಯ ಮುದ್ರಣವಲ್ಲ, ಕೇವಲ ಮಸಿಯ ವರ್ಗಾವಣೆ.

ಈ ವರ್ಗಾವಣೆಯಲ್ಲಿ ಎರಡು ಬಗೆ. ಹಸಿ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿದಾಗ ಕೆಳಗಿನ ಹಾಳೆಯ ಮಸಿ ಮೇಲಿನ ಹಾಳೆಯ ಬೆನ್ನಿಗೆ ಅಂಟುತ್ತದೆ. ಈ ಬಿಂಬ ಸಾಮಾನ್ಯವಾಗಿ ಮಸುಕು; ಹಾಳೆಗಳು ಓರೆಯಾಗಿ ಕುಳಿತಿದ್ದರೆ ಮುಂಭಾಗದ ಚಿತ್ರಕ್ಕೆ ಹೊಂದುವುದೂ ಇಲ್ಲ. ಎರಡನೆಯದು ಯಂತ್ರದೊಳಗೇ ಆಗುವಂಥದು. ಹಾಳೆ ಬಾರದೆ ಯಂತ್ರ ಒಂದು ಸುತ್ತು ಬರಿದೇ ತಿರುಗಿದರೆ, ಕಾಗದವನ್ನು ಒತ್ತುವ ಉರುಳೆಯ ಮೇಲೆಯೇ ಮಸಿ ಬೀಳುತ್ತದೆ. ಮುಂದೆ ಬರುವ ಹಾಳೆ ಮುಂಭಾಗದಲ್ಲಿ ಫಲಕದಿಂದಲೂ ಬೆನ್ನಿನಲ್ಲಿ ಉರುಳೆಯಿಂದಲೂ ಮಸಿ ಪಡೆಯುತ್ತದೆ. ಈ ಬಿಂಬ ಸ್ಫುಟವಾಗಿದ್ದು, ಮುಂಭಾಗದ ಚಿತ್ರದ ಹಿಂದೆಯೇ ಸರಿಯಾಗಿ ಕೂರುತ್ತದೆ.

ಆದರೆ ಅದು ಹಾಳೆಯಿಂದ ಹಾಳೆಗೆ ಮಾಸುತ್ತ ಹೋಗುವುದು. ಎರಡು ಮೈಗಳು ಬೇರ್ಪಡುವಾಗ ಅವುಗಳ ನಡುವಣ ಮಸಿಯ ಪೊರೆ ಸೀಳಿ, ಒಂದು ಪಾಲು ಕಾಗದಕ್ಕೂ ಉಳಿದುದು ಉರುಳೆಗೂ ಸೇರುತ್ತದೆ. ಪಾಲುಗಳು ಸಮವೆಂದು ಭಾವಿಸಿದರೆ ಮೊದಲ ಹಾಳೆಗೆ 1/2, ಎರಡನೆಯದಕ್ಕೆ 1/4, ಐದನೆಯದಕ್ಕೆ ಕೇವಲ 1/32 ಭಾಗ ದೊರೆಯುವುದು. ಕಡುಬಿಂಬದ ಚೀಟಿಗಳು ವಿರಳವಾಗಲು ಇದೇ ಕಾರಣ.

ಬೆನ್ನಿನ ಬಿಂಬವೆಲ್ಲ ವರ್ಗಾವಣೆಯೇ ಎಂದು ತಿಳಿಯಬಾರದು. ಬ್ರಿಟನ್ನಿನಲ್ಲಿ 1841ರಲ್ಲಿ ಹೊರಬಂದ ಒಂದು ಪೆನ್ನಿಯ ಕೆಂಪು ಚೀಟಿಯ ಹಿಂದೆ ಕೆಲವೊಮ್ಮೆ ನೀಲಿಯ ನಡುವೆ ವಿಕ್ಟೋರಿಯಾ ರಾಣಿಯ ತಲೆ ಬೆಳ್ಳಗೆ ಕಾಣುತ್ತದೆ. ಸಂಗ್ರಾಹಕರು ಇದನ್ನು ‘ದಂತದ ತಲೆ’ ಎನ್ನುವರು. ಮಸಿಯಲ್ಲಿದ್ದ ಪೊಟ್ಯಾಸಿಯಂ ಫೆರೊಸಯನೈಡು ಒದ್ದೆ ಕಾಗದದಲ್ಲಿ ನೀಲಿಯನ್ನು ಉಂಟುಮಾಡಿತೆಂದೂ, ಮಸಿ ಕಡಿಮೆಯಿದ್ದ ಮುಖದ ಹಿಂದೆ ಕಾಗದ ಬಿಳಿಯಾಗಿಯೇ ಉಳಿಯಿತೆಂದೂ ಇದಕ್ಕೆ ವಿವರಣೆ.

ಪರೀಕ್ಷಿಸುವಾಗ ಚೀಟಿಯನ್ನು ನೀರಿನಲ್ಲಿ ನೆನೆಸಬಾರದು. ಅಂಟು ಬಳಿದ ಮೇಲೆ ಅಚ್ಚಾದ ಕಾಗದದಲ್ಲಿ ಬಿಂಬವು ಅಂಟಿನ ಮೇಲಿರುತ್ತದೆ. ಅಂಟು ಕರಗಿದರೆ ಸಾಕ್ಷಿಯೂ ತೊಳೆದುಹೋಗುವುದು. ಒಂದು ಕನ್ನಡಿ, ಒಂದು ಭೂತಗನ್ನಡಿ ಇದ್ದರೆ ಸಾಕು.

ಮುದ್ರಕನಿಗೆ ಇಂಥ ಹಾಳೆ ಕಸ. ಆದರೆ ಅಮೆರಿಕದ ನ್ಯೂಜೆರ್ಸಿಯಲ್ಲಿ ಸುಮಾರು 1904ರಲ್ಲಿ ಐರಾ ರೂಬೆಲ್ ಎಂಬ ಮುದ್ರಕನು ಆ ಕಸವನ್ನೇ ದಿಟ್ಟಿಸಿ ನೋಡಿದನು. ರಬ್ಬರು ಹೊದಿಸಿದ ಉರುಳೆಯಿಂದ ಬೆನ್ನಿಗೆ ಬಿದ್ದ ಬಿಂಬವು ಮುಂಭಾಗದ ಅಚ್ಚಿಗಿಂತ ಸ್ಫುಟವಾಗಿತ್ತು! ಗಡುಸಾದ ಫಲಕ ಕಾಗದದ ಉಬ್ಬುಗಳನ್ನು ಮುಟ್ಟಿದರೆ, ಮೆತ್ತನೆಯ ರಬ್ಬರು ತಗ್ಗುಗಳಿಗೂ ಇಳಿಯುತ್ತದೆ. ಆತನು ಮಸಿಯನ್ನು ಬೇಕೆಂದೇ ರಬ್ಬರಿನ ಮೂಲಕ ಕಾಗದಕ್ಕೆ ಸಾಗಿಸುವ ಯಂತ್ರವನ್ನು ನಿರ್ಮಿಸಿದನು. ಅದೇ ಆಫ್‌ಸೆಟ್ ಮುದ್ರಣ. ಇಂದು ನಮ್ಮ ಪಠ್ಯಪುಸ್ತಕಗಳೂ ಅನೇಕ ಅಂಚೆಚೀಟಿಗಳೂ ಅಚ್ಚಾಗುವುದು ಈ ವಿಧಾನದಿಂದಲೇ.