ಚಹಾ ಕುಡಿದರೆ ತೂಕ ಇಳಿದೀತೆ?

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೊಂದಿಕೊಂಡಿರುವ ಕುರೆಕುಪ್ಪದಲ್ಲಿ ಚಹಾ ಎಂದರೆ ಹಾಲು, ಸಕ್ಕರೆ ಹಾಕಿ ಚೆನ್ನಾಗಿ ಕುದಿಸಿದ ಪಾನೀಯ. ಪಾಳಿ ಮುಗಿಸಿ ಬಂದವರಿಗೆ ಅದು ದಣಿವಾರಿಸುವ ಒಂದು ಗುಟುಕು. ಆದರೆ ಈಗ ಮೊಬೈಲಿನ ಜಾಹೀರಾತುಗಳಲ್ಲಿ ಬೇರೊಂದು ಬಗೆಯ ಚಹಾ ಕಾಣುತ್ತಿದೆ. ಅದನ್ನು ಕುಡಿದರೆ ದೇಹದ ಕಲ್ಮಶವೆಲ್ಲ ತೊಳೆದುಹೋಗಿ ಹೊಟ್ಟೆ ಕರಗುತ್ತದಂತೆ! ವಿದ್ಯಾರ್ಥಿಮಿತ್ರರೆ, ಈ ಮಾತು ಎಷ್ಟರಮಟ್ಟಿಗೆ ನಿಜ?

ಮೊದಲು ಕಲ್ಮಶದ ವಿಚಾರ. ದೇಹವನ್ನು ಶುಚಿಯಾಗಿಡುವ ಕೆಲಸವನ್ನು ನಿಸರ್ಗವು ಯಕೃತ್ತು ಮತ್ತು ಮೂತ್ರಪಿಂಡಗಳಿಗೆ ವಹಿಸಿದೆ. ನಮ್ಮ ಎರಡು ಮೂತ್ರಪಿಂಡಗಳು ದಿನವೊಂದಕ್ಕೆ ರಕ್ತದಿಂದ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಅದರ ಬಹುಪಾಲನ್ನು ಮರಳಿ ಹೀರಿಕೊಂಡು, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಹಾಕುತ್ತವೆ. ಇಷ್ಟು ದೊಡ್ಡ ಕೆಲಸಕ್ಕೆ ಒಂದು ಲೋಟ ಚಹಾ ಹೆಚ್ಚಿನ ನೆರವೇನೂ ನೀಡಲಾರದು. ಯಾವ ಕಲ್ಮಶವನ್ನು ತೊಳೆಯುತ್ತೇವೆಂದು ಈ ಜಾಹೀರಾತುಗಳು ಹೆಸರಿಟ್ಟು ಹೇಳುವುದು ಅಪರೂಪ.

ಹಾಗಾದರೆ ಇವನ್ನು ಕುಡಿದ ಕೆಲವರ ತೂಕ ಎರಡೇ ದಿನಗಳಲ್ಲಿ ಇಳಿಯುವುದು ಹೇಗೆ? ಇಂತಹ ಹಲವು ಪೊಟ್ಟಣಗಳಲ್ಲಿ ಸೋನಾಮುಖಿ ಎಲೆ ಬೆರೆತಿರುತ್ತದೆ. ಮಲಬದ್ಧತೆಗೆ ನಮ್ಮ ಹಿರಿಯರೂ ಬಳಸುತ್ತಿದ್ದ ಭೇದಿಯ ಔಷಧವದು. ಅದು ಕೆಲಸ ಮಾಡುವುದು ದೊಡ್ಡ ಕರುಳಿನಲ್ಲಿ. ಉಂಡ ಅನ್ನದ ಸಾರವಾದರೋ ಅದಕ್ಕೆ ಮೊದಲೇ, ಸಣ್ಣ ಕರುಳಿನಲ್ಲಿ, ರಕ್ತ ಸೇರಿಬಿಟ್ಟಿರುತ್ತದೆ. ಹೊರಹೋಗುವುದು ನೀರು ಮತ್ತು ಮಲ, ಕೊಬ್ಬಲ್ಲ. ಮತ್ತೆ ನೀರು ಕುಡಿದೊಡನೆ ತೂಕದ ಮುಳ್ಳು ಮೊದಲಿನ ಜಾಗಕ್ಕೆ ಬರುತ್ತದೆ. ದಿನಗಟ್ಟಲೆ ಹೀಗೆ ಭೇದಿ ಮಾಡಿಸಿಕೊಂಡರೆ ರಕ್ತದಲ್ಲಿನ ಪೊಟ್ಯಾಸಿಯಂ ಕುಸಿದು ಸ್ನಾಯುಗಳು ಸೋಲುತ್ತವೆ, ಹೃದಯದ ಬಡಿತವೂ ತಪ್ಪಬಹುದು. ಬಳ್ಳಾರಿ ಸೀಮೆಯ ಬೇಸಿಗೆಯಲ್ಲಿ ಬೆವರಿನಿಂದಲೇ ಬೇಕಾದಷ್ಟು ನೀರು ಹೋಗುತ್ತಿರುತ್ತದೆ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಹಸಿರು ಚಹಾದ ಮಾತು ಸ್ವಲ್ಪ ಬೇರೆ. ಅದರಲ್ಲಿರುವ ಕೆಫೀನ್ ಮತ್ತು ಕ್ಯಾಟೆಚಿನ್‌ಗಳು ದೇಹದ ಶಕ್ತಿವ್ಯಯವನ್ನು ಕೊಂಚ ಏರಿಸುತ್ತವೆ ಎಂಬುದಕ್ಕೆ ಆಧಾರವಿದೆ. ಆದರೆ ಹಲವು ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ 2012ರ ಕೊಕ್ರೇನ್ ವಿಮರ್ಶೆಯು, ಇದರಿಂದ ಇಳಿಯುವ ತೂಕ ಲೆಕ್ಕಕ್ಕೆ ಬಾರದಷ್ಟು ಅಲ್ಪ ಎಂದು ಹೇಳಿತು. ಅದರ ಸಾರವನ್ನು ಮಾತ್ರೆಗಳಾಗಿ ನುಂಗಿದರೆ ಯಕೃತ್ತಿಗೇ ಪೆಟ್ಟಾಗಬಹುದೆಂದು 2018ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಎಚ್ಚರಿಸಿತು. ಶುಚಿಮಾಡುವ ಅಂಗಕ್ಕೇ ಶುಚಿಯ ಹೆಸರಿನಲ್ಲಿ ಪೆಟ್ಟು!

ಇನ್ನು ನಮ್ಮ ಅಂಗಡಿಯ ಚಹಾ. ಎರಡು ಚಮಚ ಸಕ್ಕರೆ, ಅರ್ಧ ಲೋಟ ಹಾಲು ಸೇರಿದರೆ ಸುಮಾರು 70 ಕ್ಯಾಲರಿ. ದಿನಕ್ಕೆ ನಾಲ್ಕಾದರೆ 280. ಸಕ್ಕರೆ ಬಿಟ್ಟರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿಯುತ್ತದೆ. ಚಹಾದಿಂದ ತೂಕಕ್ಕೆ ಏನಾದರೂ ಲಾಭವಿದ್ದರೆ ಅದು ಇಷ್ಟೇ.

ನನಗೆ ಹೆಚ್ಚು ಕಳವಳ ತರುವುದು ಇನ್ನೊಂದು ಅಭ್ಯಾಸ. ಸಣ್ಣಗಾಗಬೇಕೆಂದು ಬೆಳಗಿನ ರೊಟ್ಟಿ ಬಿಟ್ಟು ಬರೀ ಚಹಾ ಕುಡಿದು ಕಾಲೇಜಿಗೆ ಹೊರಡುವ ಹೆಣ್ಣುಮಕ್ಕಳು ಕಡಿಮೆಯಿಲ್ಲ. ಸಂಡೂರಿನ ಗುಡ್ಡಗಳ ತುಂಬ ಕಬ್ಬಿಣದ ಅದಿರು. ಕೆಳಗೆ ಓಡಾಡುವ ಹುಡುಗಿಯ ರಕ್ತದಲ್ಲಿ ಕಬ್ಬಿಣದ ಕೊರತೆ. ಚಹಾದ ಒಗರು ಅಂಶವು ಕಾಳು, ಸೊಪ್ಪಿನಲ್ಲಿರುವ ಕಬ್ಬಿಣವನ್ನು ಹಿಡಿದಿಟ್ಟು ದೇಹಕ್ಕೆ ದಕ್ಕದಂತೆ ಮಾಡುತ್ತದೆ. ಹಸಿರು ಚಹಾವೂ ಇದಕ್ಕೆ ಹೊರತಲ್ಲ. ಆದ್ದರಿಂದಲೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2024ರ ಆಹಾರ ಮಾರ್ಗಸೂಚಿಯು ಊಟಕ್ಕೆ ಒಂದು ಗಂಟೆ ಮೊದಲು ಮತ್ತು ಒಂದು ಗಂಟೆ ಅನಂತರ ಚಹಾ, ಕಾಫಿ ಬೇಡವೆನ್ನುತ್ತದೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಚಹಾದೊಂದಿಗೆ ನುಂಗದೆ, ಊಟವಾದ ಮೇಲೆ ನೀರಿನೊಂದಿಗೆ ನುಂಗಿರಿ. ಕಾಳಿನ ಪಲ್ಯಕ್ಕೆ ಅರ್ಧ ನಿಂಬೆಹಣ್ಣು ಹಿಂಡಿಕೊಂಡರೆ ಅದರಲ್ಲಿನ ಕಬ್ಬಿಣ ಇನ್ನಷ್ಟು ಚೆನ್ನಾಗಿ ಮೈಗೂಡುತ್ತದೆ.