ಡೀಸೆಲ್ ಕಾರುಗಳ ಎಂಜಿನ್ 'ರೀಮ್ಯಾಪಿಂಗ್': ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ವಾಹನ ಮಾಲೀಕರ ಮಾಹಿತಿಗಾಗಿ

ಕಾರಿನ ಎಂಜಿನ್ನನ್ನು ಬಿಚ್ಚದೆ, ಅದನ್ನು ನಿಯಂತ್ರಿಸುವ ಗಣಕದ ತಂತ್ರಾಂಶವನ್ನು ಮಾತ್ರ ಬದಲಿಸಿ ಹೆಚ್ಚು ಶಕ್ತಿ ಪಡೆಯುವ ಕ್ರಮಕ್ಕೆ ರೀಮ್ಯಾಪಿಂಗ್ ಎಂದು ಹೆಸರು. ಅಂಕೋಲಾದಿಂದ ಹುಬ್ಬಳ್ಳಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 52ರಲ್ಲಿ (ಹಿಂದಿನ ಸಂಖ್ಯೆ 63) ಐದು ಜನರನ್ನೂ ಸಾಮಾನನ್ನೂ ತುಂಬಿಕೊಂಡು, ಲಾರಿಗಳ ಹಿಂದೆ ಅರಬೈಲ್ ಘಟ್ಟ ಏರುವವರಿಗೆ ಇಂತಹ ಅಪೇಕ್ಷೆ ಉಂಟಾಗುವುದು ಸಹಜ. ಆದರೆ ಇದರಿಂದ ವಾಹನದ ನೋಂದಣಿ, ವಿಮೆ ಹಾಗೂ ಮಾಲಿನ್ಯ ತಪಾಸಣೆಯ ಮೇಲೆ ಆಗುವ ಪರಿಣಾಮಗಳನ್ನು ಹಣ ಪಾವತಿಸುವ ಮೊದಲೇ ತಿಳಿದಿರುವುದು ಅವಶ್ಯಕ.

ಇಂದಿನ ಡೀಸೆಲ್ ಎಂಜಿನ್ನಿನಲ್ಲಿ ಎಷ್ಟು ಇಂಧನವನ್ನು, ಯಾವ ಕ್ಷಣದಲ್ಲಿ, ಎಷ್ಟು ಒತ್ತಡದಲ್ಲಿ ಸಿಂಪಡಿಸಬೇಕು, ಟರ್ಬೊ ಎಷ್ಟು ಗಾಳಿಯನ್ನು ಒತ್ತಿ ಕೊಡಬೇಕು ಎಂಬುದನ್ನು ಗಣಕದಲ್ಲಿರುವ ಅಂಕಿಗಳ ಕೋಷ್ಟಕಗಳು ನಿರ್ಧರಿಸುತ್ತವೆ. ಹೊಗೆ ಮಿತಿ ಮೀರದಂತೆ ಹಾಗೂ ಗೇರುಪೆಟ್ಟಿಗೆಯ ಮೇಲೆ ಹೆಚ್ಚು ಭಾರ ಬೀಳದಂತೆ ತಡೆಯುವ ಮಿತಿಗಳೂ ಅಲ್ಲಿಯೇ ಇರುತ್ತವೆ. ರೀಮ್ಯಾಪಿಂಗ್ ಮಾಡುವವರು ಈ ಅಂಕಿಗಳನ್ನು ಏರಿಸುತ್ತಾರೆ. ಇನ್ನು ಕೆಲವರು ಇಂಧನ ಒತ್ತಡದ ಸಂವೇದಕಕ್ಕೆ ಸಣ್ಣ ಪೆಟ್ಟಿಗೆಯೊಂದನ್ನು ಜೋಡಿಸಿ, ಒತ್ತಡ ಕಡಿಮೆ ಇದೆಯೆಂದು ಗಣಕಕ್ಕೆ ತಪ್ಪು ಸೂಚನೆ ನೀಡುತ್ತಾರೆ. ಕಾನೂನಿನ ದೃಷ್ಟಿಯಲ್ಲಿ ಎರಡಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ.

ಈ ಭಾಗದಲ್ಲಿ ಪರಿಚಿತವಾದ 1248 ಸಿ.ಸಿ.ಯ ಫಿಯೆಟ್ ಮಲ್ಟಿಜೆಟ್ ಎಂಜಿನ್ನನ್ನು ಉದಾಹರಣೆಯಾಗಿ ನೋಡಬಹುದು. 2007ರಲ್ಲಿ ಡೀಸೆಲ್ ರೂಪದಲ್ಲಿ ಬಂದ ಮಾರುತಿ ಸ್ವಿಫ್ಟ್, ಟಾಟಾ ಇಂಡಿಕಾ ವಿಸ್ಟಾ ಮುಂತಾದ ಕಾರುಗಳಲ್ಲಿ ಇದು ಸುಮಾರು 75 ಅಶ್ವಶಕ್ತಿ ಹಾಗೂ 190 ನ್ಯೂಟನ್ ಮೀಟರ್ ತಿರುಚುಬಲ ನೀಡುತ್ತಿತ್ತು. ಇದೇ ಎಂಜಿನ್ ಎಸ್‌ಎಕ್ಸ್4, ಎರ್ಟಿಗಾ ಕಾರುಗಳಲ್ಲಿ 90 ಅಶ್ವಶಕ್ತಿ ನೀಡಿತು. "ಹಾಗಾದರೆ ನಮ್ಮ ಕಾರಿಗೂ 90 ಏಕೆ ಬೇಡ?" ಎಂಬ ಪ್ರಶ್ನೆ ಏಳುವುದು ಇಲ್ಲಿಯೇ. 90 ಅಶ್ವಶಕ್ತಿಯ ಎಂಜಿನ್ನಿಗೆ ತಯಾರಕರು ರೆಕ್ಕೆಗಳ ಕೋನ ಬದಲಾಗುವ ಬೇರೆಯೇ ಬಗೆಯ ಟರ್ಬೊವನ್ನು ಅಳವಡಿಸಿದ್ದರು. 75ರ ಎಂಜಿನ್ನಿನಲ್ಲಿ ಇದ್ದುದು ಸ್ಥಿರ ರೆಕ್ಕೆಗಳ ಟರ್ಬೊ. ತಂತ್ರಾಂಶ ಬದಲಿಸಿದ ಮಾತ್ರಕ್ಕೆ ಟರ್ಬೊ ಬದಲಾಗುವುದಿಲ್ಲ.

ಪರಿಣಾಮವು ಸಮತಟ್ಟಾದ ರಸ್ತೆಯಲ್ಲಿ ಕಾಣಿಸದಿರಬಹುದು. ಕಾರವಾರದಿಂದ ಅಂಕೋಲಾದವರೆಗಿನ ಹೆದ್ದಾರಿಯಲ್ಲಿ ಹೆಚ್ಚುವರಿ ಶಕ್ತಿ ಬಳಕೆಯಾಗುವುದು ಮುಂದಿನ ವಾಹನವನ್ನು ದಾಟುವ ಕೆಲವೇ ಕ್ಷಣ ಮಾತ್ರ. ಘಟ್ಟದಲ್ಲಿ ಹಾಗಲ್ಲ. ಏರು ಮುಗಿಯುವವರೆಗೂ ಎಂಜಿನ್ ಮೇಲೆ ಎಡೆಬಿಡದೆ ಭಾರ ಬೀಳುತ್ತದೆ. ವಾಹನದ ವೇಗ ಕಡಿಮೆಯಿರುವುದರಿಂದ ತಂಪಾಗಿಸುವ ಗಾಳಿಯೂ ಕಡಿಮೆ. ಗಾಳಿಗಿಂತ ಇಂಧನ ಹೆಚ್ಚಾದಾಗ ಕಪ್ಪು ಹೊಗೆ ಬರುತ್ತದೆ, ಹೊಗೆಯ ಉಷ್ಣತೆ ಏರುತ್ತದೆ, ಟರ್ಬೊದ ಬೇರಿಂಗ್ ಹಾಗೂ ಪಿಸ್ಟನ್ನುಗಳಿಗೆ ಹಾನಿ ಸಂಭವಿಸುತ್ತದೆ. ಸಾಮಾನ್ಯವಾಗಿ ಎಲ್ಲಕ್ಕಿಂತ ಮೊದಲು ಸೋಲುವುದು ಕ್ಲಚ್. ಶಕ್ತಿಯನ್ನು ಯಾವ ಘಟ್ಟಕ್ಕಾಗಿ ಹೆಚ್ಚಿಸಿಕೊಳ್ಳಲಾಯಿತೋ ಆ ಘಟ್ಟದಲ್ಲಿಯೇ ವಾಹನ ನಿಂತುಹೋಗುವ ಸಾಧ್ಯತೆ ಅಧಿಕ.

ಕಾನೂನಿನ ನಿಲುವು

ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 52ರ ಪ್ರಕಾರ, ನೋಂದಣಿ ಪ್ರಮಾಣಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ಯಾವುದೇ ಮಾಲೀಕರು ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. ಕೇರಳದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 9-1-2019ರಂದು ಈ ಕಲಮಿನ ಅರ್ಥವನ್ನು ಸ್ಪಷ್ಟಪಡಿಸಿ, ತಯಾರಕರ ಮೂಲ ವಿವರಣೆಗೆ ವಿರುದ್ಧವಾದ ಮಾರ್ಪಾಡಿಗೆ ಅವಕಾಶವಿಲ್ಲವೆಂದು ತೀರ್ಪು ನೀಡಿದೆ. 2019ರ ತಿದ್ದುಪಡಿಯಿಂದ ಸೇರ್ಪಡೆಯಾದ ಕಲಂ 182ಎ(4)ರ ಅನ್ವಯ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ ರೂ. 5,000 ದಂಡ ಅಥವಾ ಆರು ತಿಂಗಳವರೆಗಿನ ಕಾರಾವಾಸ ಅಥವಾ ಎರಡನ್ನೂ ಮಾಲೀಕರಿಗೆ ವಿಧಿಸಬಹುದಾಗಿದೆ. ಶಿಕ್ಷೆಗೆ ಗುರಿಯಾಗುವವರು ವಾಹನದ ಮಾಲೀಕರೆಂಬುದನ್ನು ಗಮನಿಸುವುದು.

"ಆರ್.ಸಿ.ಯಲ್ಲಿ ಎಂಜಿನ್ ಸಂಖ್ಯೆ ಮತ್ತು ಸಿ.ಸಿ. ಹಾಗೆಯೇ ಇದೆಯಲ್ಲ" ಎಂದು ವಾದಿಸುವವರಿದ್ದಾರೆ. ಈ ವಾದ ಪೂರ್ಣವಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 126ರಂತೆ, ಪ್ರತಿಯೊಂದು ಮಾದರಿಯೂ ಪುಣೆಯ ಎ.ಆರ್.ಎ.ಐ.ಯಂತಹ ಅಧಿಕೃತ ಸಂಸ್ಥೆಯಲ್ಲಿ ಪರೀಕ್ಷೆಗೆ ಒಳಪಟ್ಟ ನಂತರವೇ ಮಾರಾಟಕ್ಕೆ ಬರುತ್ತದೆ. ಹೊಗೆಯ ಪ್ರಮಾಣ ಮತ್ತು ಎಂಜಿನ್ ಶಕ್ತಿಯನ್ನು ಅಲ್ಲಿ ದೃಢೀಕರಿಸಿರುವುದು ಮೂಲ ತಂತ್ರಾಂಶದೊಂದಿಗೆ. ಅದನ್ನು ಬದಲಿಸಿದ ಕಾರು ಪರೀಕ್ಷೆಗೆ ಒಳಪಟ್ಟ ಕಾರಾಗಿ ಉಳಿಯುವುದಿಲ್ಲ.

ಮಾಲಿನ್ಯ ತಪಾಸಣಾ ಪ್ರಮಾಣಪತ್ರ ದೊರೆತಿದೆ ಎಂಬುದೂ ರಕ್ಷಣೆಯಲ್ಲ. ಡೀಸೆಲ್ ವಾಹನಗಳ ತಪಾಸಣೆಯನ್ನು ನಿಂತ ಸ್ಥಿತಿಯಲ್ಲಿ, ಗೇರಿಲ್ಲದೆ ಆಕ್ಸಿಲರೇಟರ್ ಒತ್ತಿ ನಡೆಸಲಾಗುತ್ತದೆ. ಹೊಗೆ ಸಾಂದ್ರತೆಯ ಮಿತಿಯು ಭಾರತ್ ಸ್ಟೇಜ್ 4 ವಾಹನಗಳಿಗೆ ಪ್ರತಿ ಮೀಟರಿಗೆ 1.62, ಅದಕ್ಕಿಂತ ಹಳೆಯವುಗಳಿಗೆ 2.45. ಭಾರವಿಲ್ಲದ ಎಂಜಿನ್ನಿನಲ್ಲಿ ಟರ್ಬೊ ಪೂರ್ಣವಾಗಿ ಕೆಲಸ ಮಾಡದು. ತಿದ್ದಿದ ಅಂಕಿಗಳ ಭಾಗಕ್ಕೆ ಎಂಜಿನ್ ತಲುಪುವುದೇ ಇಲ್ಲ. ಕಾರವಾರದ ತಪಾಸಣಾ ಕೇಂದ್ರದಲ್ಲಿ ಉತ್ತೀರ್ಣವಾದ ಕಾರು ಘಟ್ಟದಲ್ಲಿ ಕಪ್ಪು ಹೊಗೆ ಉಗುಳುವುದಕ್ಕೆ ಕಾರಣ ಇದೇ. ರಸ್ತೆಯಲ್ಲಿ ಮಾಲಿನ್ಯ ಮಾನದಂಡ ಉಲ್ಲಂಘಿಸಿದಲ್ಲಿ ಕಲಂ 190(2) ಪ್ರತ್ಯೇಕವಾಗಿ ಅನ್ವಯಿಸುತ್ತದೆ.

ವಿಮೆಯ ವಿಷಯವು ಮಾಲೀಕರಿಗೆ ಹೆಚ್ಚು ದುಬಾರಿಯಾಗಬಹುದು. ಮಾರ್ಪಾಡನ್ನು ತಿಳಿಸದೆ ಇದ್ದಲ್ಲಿ, ಸ್ವಂತ ವಾಹನದ ಹಾನಿಗೆ ಕೋರಿದ ಪರಿಹಾರವನ್ನು ವಿಮಾ ಕಂಪನಿಯು ಪ್ರಶ್ನಿಸಬಹುದು ಅಥವಾ ನಿರಾಕರಿಸಬಹುದು. ತಯಾರಕರ ಖಾತರಿಯೂ ಉಳಿಯುವುದು ಕಷ್ಟ.

ಹಳೆಯ ಕಾರು ಕೊಳ್ಳುವವರು ಮತ್ತು ನವೀಕರಣದ ಅರ್ಜಿದಾರರು

ಮಾರುತಿ ಸಂಸ್ಥೆಯು 2020ರ ಏಪ್ರಿಲ್‌ನಿಂದ ಡೀಸೆಲ್ ಕಾರುಗಳನ್ನು ನಿಲ್ಲಿಸಿದ್ದರಿಂದ ಇಂತಹ ಕಾರುಗಳು ಇಂದು ಕೈಯಿಂದ ಕೈಗೆ ಸಾಗುತ್ತಿವೆ. ಕೊಳ್ಳುವ ಮೊದಲು ಅಧಿಕೃತ ಸೇವಾ ಕೇಂದ್ರದಲ್ಲಿ ತಂತ್ರಾಂಶದ ಆವೃತ್ತಿಯನ್ನು ಪರಿಶೀಲಿಸಿ, ಬದಲಾಗಿದ್ದರೆ ಮಾರುವವರ ಖರ್ಚಿನಲ್ಲಿಯೇ ಮೂಲ ಸ್ಥಿತಿಗೆ ತರಿಸಿಕೊಳ್ಳುವುದು ಲೇಸು. ಮಾಲೀಕತ್ವ ವರ್ಗಾವಣೆಗೆ ನಮೂನೆ 29 ಮತ್ತು 30 ಸಲ್ಲಿಸತಕ್ಕದ್ದು. ಹದಿನೈದು ವರ್ಷ ಪೂರೈಸುವ ಖಾಸಗಿ ಕಾರುಗಳ ನೋಂದಣಿ ನವೀಕರಣಕ್ಕೆ, ಅವಧಿ ಮುಗಿಯುವ ದಿನಕ್ಕೆ ಹಿಂದಿನ 60 ದಿನಗಳೊಳಗೆ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ ವಾಹನವನ್ನು ತಪಾಸಣೆಗೆ ಹಾಜರುಪಡಿಸಬೇಕು. ನವೀಕರಣವು ಐದು ವರ್ಷಗಳಿಗೆ ದೊರೆಯುತ್ತದೆ. ಅನುಮೋದನೆ ಪಡೆಯದೆ ಎಂಜಿನ್ನನ್ನೇ ಬದಲಿಸಿದ್ದಲ್ಲಿ 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡತಕ್ಕದ್ದು.

ಕಾರು ಮೊದಲಿನಂತೆ ಘಟ್ಟ ಏರುತ್ತಿಲ್ಲವೆಂದಾದರೆ ಅದಕ್ಕೆ ಬಹುಪಾಲು ಕಾರಣ ತಂತ್ರಾಂಶವಲ್ಲ. ಕಟ್ಟಿಕೊಂಡ ಏರ್ ಫಿಲ್ಟರ್, ಟರ್ಬೊದಿಂದ ಎಂಜಿನ್ನಿಗೆ ಬರುವ ರಬ್ಬರ್ ಕೊಳವೆಯಲ್ಲಿ ಬಿರುಕು, ಇ.ಜಿ.ಆರ್. ಕವಾಟದಲ್ಲಿ ತುಂಬಿದ ಮಸಿ, ಸವೆದ ಕ್ಲಚ್ ಇವುಗಳನ್ನು ಮೊದಲು ಪರೀಕ್ಷಿಸಬೇಕು. ಇವುಗಳ ದುರಸ್ತಿಗೆ ಯಾವುದೇ ಅನುಮತಿ ಬೇಕಾಗಿಲ್ಲ.