ಹಸೆ ಚಿತ್ತಾರ ಬಾಡಿಗೆ ಮನೆಯ ಗೋಡೆಗೆ ಒಗ್ಗುತ್ತದೆಯೇ?

ಪ್ರಶ್ನೆ: ಮಗಳ ಮದುವೆಗೆ ಮನೆಯಲ್ಲೇ ಹಸೆ ಚಿತ್ತಾರ ಬರೆಯುವ ಆಸೆ. ಅಂಗಡಿ ಬಣ್ಣ ಬೇಡ. ಹಳೆಯ ಬಣ್ಣಗಳನ್ನು ಮಾಡುವುದು ಹೇಗೆ?

ಉತ್ತರ: ಒಳ್ಳೆಯ ಆಸೆ! ಹಸೆಯೆಂದರೆ ಮದುಮಕ್ಕಳು ಕೂರುವ ಜಾಗ. ಅದರ ಹಿಂದಿನ ಗೋಡೆಗೆ ಮಲೆನಾಡಿನ ದೀವರ ಹೆಣ್ಣುಮಕ್ಕಳು ಬರೆಯುತ್ತ ಬಂದ ಚಿತ್ರವೇ ಹಸೆ ಚಿತ್ತಾರ. ಸಾಗರ, ಸೊರಬದ ಕಡೆ ಇಂದಿಗೂ ಬರೆಯುವವರಿದ್ದಾರೆ. ಬಣ್ಣವೆಲ್ಲ ಹಿತ್ತಲು, ಅಡುಗೆಮನೆಯದ್ದೇ. ಹಿನ್ನೆಲೆಗೆ ಕೆಮ್ಮಣ್ಣು. ನೆನೆಸಿದ ಅಕ್ಕಿಯನ್ನು ನುಣ್ಣಗೆ ಅರೆದರೆ ಬಿಳಿ. ಅದೇ ಅಕ್ಕಿಯನ್ನು ಕರಿದಾಗುವಷ್ಟು ಹುರಿದು, ನೆನೆಸಿ ಅರೆದರೆ ಕಪ್ಪು. ಹಳದಿಗೆ ಗುರಿಗೆ ಕಾಯಿ. ಕುಂಚ ಪುಂಡಿ ನಾರಿನದು. ಗೆರೆ ತೆಳುವಾಗಿ, ನೇರವಾಗಿ ಬರಬೇಕಾದರೆ ಈ ನಾರೇ ಸರಿ. ಚಿತ್ತಾರದ ಅಂದವಿರುವುದೇ ಆ ಗೆರೆಯಲ್ಲಿ.

ಆದರೆ ಎಮಲ್ಷನ್ ಬಳಿದ ನುಣುಪು ಗೋಡೆಗೆ ನೇರವಾಗಿ ಬರೆಯಬೇಡಿ. ಅದು ನೀರು ಹೀರುವುದಿಲ್ಲ; ಅಕ್ಕಿಹಿಟ್ಟು ಒಣಗಿ ಉದುರುತ್ತದೆ. ಪ್ಲೈವುಡ್ ಹಲಗೆಗೆ ಒರಟು ಹತ್ತಿಬಟ್ಟೆ ಅಂಟಿಸಿ, ಕೆಮ್ಮಣ್ಣು ಬಳಿದು, ಚೆನ್ನಾಗಿ ಒಣಗಿದ ಮೇಲೆ ಗೆರೆ ಎಳೆಯಿರಿ. ಮನೆ ಬದಲಿಸಿದರೂ ಚಿತ್ತಾರ ಜೊತೆಗೇ ಬರುತ್ತದೆ. ಮದುವೆಗೆ ಹದಿನೈದು ದಿನ ಮೊದಲೇ ಶುರುಮಾಡಿ, ಮಗಳ ಕೈಯಲ್ಲೂ ನಾಲ್ಕು ಗೆರೆ ಎಳೆಸಿ.